ಕೆತ್ತನೆ ನಕಲು ಯಂತ್ರದ ವೇಗ ಹೆಚ್ಚಿಸಲು ಪುಲ್ಲಿ ಬದಲಿಸಬೇಡಿ

ಗಂಗಾವತಿಯ ನಮ್ಮ ಕಾರ್ಖಾನೆಯಲ್ಲಿ ಬಾಗಿಲು ಮತ್ತು ದೇವರ ಮಂಟಪಗಳ ಕೆತ್ತನೆಗೆ ಬಳಸುವ, ಮಾದರಿಯೊಂದರ ನಕಲನ್ನು ಮರದಲ್ಲಿ ಕೆತ್ತುವ ನಾಲ್ಕು ಸ್ಪಿಂಡಲ್‌ಗಳ (ಬಿಟ್ ಹಿಡಿದು ತಿರುಗುವ ದಂಡಗಳ) ನಕಲು ಯಂತ್ರವನ್ನು, ಒಂದೂವರೆ ಪಟ್ಟು ಬೇಗ ಕೆಲಸ ಮಾಡುವಂತೆ ಮಾಡಿಕೊಡುವುದಾಗಿ ಹೇಳಿ ಹೊರಗಿನ ಮೆಕ್ಯಾನಿಕ್ ಒಬ್ಬರು ಮಾರ್ಪಡಿಸಿದರು. ಅದರಿಂದ ಮೊದಲು ಮಾಲು ಕೆಟ್ಟಿತು. ಆಮೇಲೆ ಮರ ಕಡಿಯುವ ಅಲಗಾದ ಬಿಟ್ ಮುರಿದು, ಹಾರಿದ ಚೂರು ನಮ್ಮ ಕೆಲಸಗಾರನ ಮುಂಗೈಯನ್ನು ಸೀಳಿತು. ಕೊಪ್ಪಳ, ರಾಯಚೂರು ಕಡೆಯ ಬಡಗಿ ಕಾರ್ಖಾನೆಗಳಲ್ಲಿಯೂ ಇಂತಹ ಮಾರ್ಪಾಡಿನ ಮಾತು ನಡೆಯುತ್ತಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮೋಟಾರು ನಿಮಿಷಕ್ಕೆ 2,880 ಸುತ್ತಿನದು. ಮೊದಲಿದ್ದ ಪುಲ್ಲಿಗಳು ಅದನ್ನು ನಾಲ್ಕು ಪಟ್ಟು ಹೆಚ್ಚಿಸಿ ಸ್ಪಿಂಡಲ್‌ಗೆ ಸುಮಾರು 11,500 ಸುತ್ತು ಕೊಡುತ್ತಿದ್ದವು. ಆ ಮೆಕ್ಯಾನಿಕ್ ಆರು ಪಟ್ಟು ಹೆಚ್ಚಿಸುವ ಪುಲ್ಲಿ ಹಾಕಿದ್ದರಿಂದ ವೇಗ 17,000 ದಾಟಿತು. ಸುತ್ತು ಒಂದೂವರೆ ಪಟ್ಟಾದರೆ ಬಿಟ್ಟನ್ನು ಹೊರಕ್ಕೆ ಸೆಳೆಯುವ ಕೇಂದ್ರಾಪಗಾಮಿ ಬಲ ಎರಡೂಕಾಲು ಪಟ್ಟಾಗುತ್ತದೆ. ಅದೇ ಹೊತ್ತಿಗೆ, ಮೋಟಾರು ಹಳೆಯದೇ ಆಗಿರುವುದರಿಂದ, ಸ್ಪಿಂಡಲ್‌ಗೆ ದೊರೆಯುವ ಟಾರ್ಕ್ (ತಿರುಗಿಸುವ ಬಲ) ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಅಂದರೆ ಬಿಟ್ ಜೋರಾಗಿ ತಿರುಗುತ್ತದೆಯೇ ಹೊರತು ಆಳವಾಗಿ ಕಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮಾರ್ಪಾಡನ್ನು ಅವರು ತೋರಿಸಿದ್ದು ಕಿನ್ನಾಳದ ಗೊಂಬೆಗಳಿಗೆ ಬಳಸುವಂತಹ ಹಗುರ ಮರದ ಮೇಲೆ. ಅಲ್ಲಿ ಈ ಕೊರತೆ ಕಾಣಲೇ ಇಲ್ಲ. ಒಣ ಸಾಗವಾನಿಗೆ ಬಂದ ಕೂಡಲೇ ಬಿಟ್ ಕಡಿಯುವುದನ್ನು ಬಿಟ್ಟು ಉಜ್ಜತೊಡಗಿತು, ಮರ ಕಪ್ಪಗೆ ಸುಟ್ಟಿತು, ಅಂಚು ಬಹುಬೇಗ ಮೊಂಡಾಯಿತು.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಮಾದರಿಯ ಮೇಲೆ ಹರಿದಾಡುವ ಟ್ರೇಸರ್ ಕಡ್ಡಿಯ ತುದಿಯೂ ಬಿಟ್ಟಿನ ತುದಿಯೂ ನಕಲು ಮಾದರಿಯಂತೆಯೇ ಬರಬೇಕಾದರೆ ಅಳತೆಯಲ್ಲಿ, ಆಕಾರದಲ್ಲಿ ಒಂದೇ ಆಗಿರಬೇಕು. ಅವರು 6 ಮಿಲಿಮೀಟರಿನ ಟ್ರೇಸರನ್ನು ಹಾಗೆಯೇ ಬಿಟ್ಟು 12 ಮಿಲಿಮೀಟರಿನ ಬಿಟ್ಟುಗಳನ್ನು ಕೂರಿಸಿದರು. ಪರಿಣಾಮವಾಗಿ ಪ್ರತಿ ಅಂಚಿನಲ್ಲಿ 3 ಮಿಲಿಮೀಟರ್ ಮರ ಹೆಚ್ಚಾಗಿ ಹೋಗಿ, ಬಳ್ಳಿಯ ಎಲೆಗಳು ಸಣಕಲಾದವು ಮತ್ತು ತೆಳುವಾದ ದಂಟುಗಳು ಮಾಯವಾದವು. ಹೋದ ಮರವನ್ನು ಉಳಿ ಹಿಡಿದ ಯಾವ ಕುಶಲಕರ್ಮಿಯೂ ಮರಳಿ ತರಲಾರ.

ಆಳದ ಕೆತ್ತನೆಗೆ ಎಟುಕಲೆಂದು ಬಿಟ್ಟುಗಳನ್ನು ಕೊಲೆಟ್‌ನಿಂದ (ಬಿಟ್ಟನ್ನು ಬಿಗಿ ಹಿಡಿಯುವ ಹಿಡಿಕೆಯಿಂದ) ಹೊರಕ್ಕೆ ಎಳೆದು ಬಿಗಿದಿದ್ದರು. ಹೊರಚಾಚು ದುಪ್ಪಟ್ಟಾದರೆ ಅದೇ ಒತ್ತಡಕ್ಕೆ ಬಿಟ್ ಎಂಟು ಪಟ್ಟು ಬಾಗುತ್ತದೆ. ಮುರಿದ ಬಿಟ್ಟಿನ ಕಾಂಡದ ಮೇಲೆ ಗರಿಷ್ಠ ವೇಗ 16,000 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು, ಯಂತ್ರ ಅದನ್ನು ಮೀರಿ ಓಡುತ್ತಿತ್ತು. ಹೊಸ ಪುಲ್ಲಿಗೆ ಹೊಂದುವುದಿಲ್ಲವೆಂದು ಕಾವಲು ತಗಡನ್ನೂ ಅವರು ತೆಗೆದುಹಾಕಿದ್ದರಿಂದ ಚೂರನ್ನು ತಡೆಯುವಂಥದ್ದು ನಡುವೆ ಏನೂ ಇರಲಿಲ್ಲ. ಆ ಹುಡುಗನ ಕೈಗೆ ಹೊಲಿಗೆ ಹಾಕಿಸಬೇಕಾಯಿತು. ಚೂರು ಒಂದು ಗೇಣು ಮೇಲಕ್ಕೆ ಹಾರಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲೂ ಭಯವಾಗುತ್ತದೆ.

ಬೇಗ ನಕಲು ತೆಗೆಯುವುದಕ್ಕೆ ಸುರಕ್ಷಿತ ದಾರಿಯೊಂದಿದೆ, ಅದಕ್ಕೆ ಪುಲ್ಲಿಯನ್ನು ಮುಟ್ಟಬೇಕಾಗಿಲ್ಲ. ಮೊದಲ ಸಲದ ಕೆತ್ತನೆಗೆ 12 ಮಿಲಿಮೀಟರಿನ ಬಿಟ್ಟನ್ನೂ ಅದಕ್ಕಿಂತ ತುಸು ದಪ್ಪನಾದ 14 ಮಿಲಿಮೀಟರಿನ ಟ್ರೇಸರನ್ನೂ ಹಾಕಿದರೆ, ಪ್ರತಿ ಅಂಚಿನಲ್ಲಿ 1 ಮಿಲಿಮೀಟರ್ ಮರ ಉಳಿಸಿಕೊಂಡು ಹೆಚ್ಚಿನ ಮರವನ್ನು ತೆಗೆಯಬಹುದು. ಎರಡನೆಯ ಸಲಕ್ಕೆ 6 ಮಿಲಿಮೀಟರಿನ ಹರಿತವಾದ ಬಿಟ್ಟು ಮತ್ತು ಅದೇ ಅಳತೆಯ ಟ್ರೇಸರ್ ಸಾಕು. ಟ್ರೇಸರ್ ಬದಲಿಸಿದಾಗಲೆಲ್ಲ ಅದರ ತುದಿಯನ್ನೂ ಬಿಟ್ಟಿನ ತುದಿಯನ್ನೂ ಒಂದೇ ಎತ್ತರಕ್ಕೆ ಹೊಂದಿಸುವುದು ಮಾತ್ರ ತಪ್ಪಬಾರದು. ನಾವು ಹಳೆಯ ಪುಲ್ಲಿಗಳನ್ನೂ ಕಾವಲು ತಗಡನ್ನೂ ಮತ್ತೆ ಹಾಕಿಸಿ ಈಗ ಹೀಗೆಯೇ ಕೆಲಸ ಮಾಡುತ್ತಿದ್ದೇವೆ.

ಯಾರಾದರೂ ವೇಗ ಹೆಚ್ಚಿಸಿಕೊಡುತ್ತೇವೆಂದು ಬಂದರೆ, ಮಾರ್ಪಾಡಿನ ನಂತರ ಸ್ಪಿಂಡಲ್ ಎಷ್ಟು ಸುತ್ತು ತಿರುಗುತ್ತದೆ, ಅದರ ಬೇರಿಂಗು ಮತ್ತು ಬಿಟ್ಟುಗಳು ಎಷ್ಟನ್ನು ತಾಳುತ್ತವೆ ಎಂಬುದನ್ನು ಬರೆದು ಕೊಡುವಂತೆ ಕೇಳಿ. ಬರೆದು ಕೊಡದವರಿಗೆ ಯಂತ್ರವನ್ನು ಬಿಚ್ಚಲು ಬಿಡಬೇಡಿ.