ಕಂಬವೇ ಇಲ್ಲದ ಕಟ್ಟಡಕ್ಕೆ ‘ಕಂಬಗಳು ಗಟ್ಟಿಯಾಗಿವೆ’ ಅಂತ ರಿಪೋರ್ಟ್ ಕೊಟ್ಟರು, ದಯವಿಟ್ಟು ಹುಷಾರಾಗಿರಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೇ ಒಂದು ಕಂಬ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಜಯನಗರದ ಕಡೆ 1986ರಲ್ಲಿ ಕಟ್ಟಿದ್ದು. ನೆಲಮಹಡಿ, ಮೇಲೆ ಎರಡು, ಒಟ್ಟು ಒಂಬತ್ತು ಮನೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಅದರ ಮೇಲೆ ಆರ್‌ಸಿಸಿ ಸ್ಲ್ಯಾಬ್. ಭಾರವೆಲ್ಲ ಗೋಡೆಯ ಮೇಲೇ.

ಕಳೆದ ಮಳೆಗಾಲದಲ್ಲಿ ನೆಲಮಹಡಿಯ ಮೂಲೆ ಮನೆಯಲ್ಲಿ ಬಿರುಕು ಕಾಣಿಸಿತು. ಕಿಟಕಿಯ ಮೂಲೆಯಿಂದ ಶುರುವಾಗಿ, ಇಟ್ಟಿಗೆ ಸಂದಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಇಳಿದಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಲಕ್ಕಸಂದ್ರದಲ್ಲಿ ಮೂರಂತಸ್ತಿನ ಕಟ್ಟಡ ಬಿದ್ದ ವಿಡಿಯೋ ನೀವೂ ನೋಡಿರುತ್ತೀರಿ. ಒಳಗಿದ್ದವರು ಮೊದಲೇ ಹೊರಗೆ ಬಂದಿದ್ದಕ್ಕೆ ಉಳಿದರು. ನನಗೆ ರಾತ್ರಿಯೆಲ್ಲ ಅದೇ ಕಣ್ಣ ಮುಂದೆ. ನಾನು ಅಸೋಸಿಯೇಷನ್ ಸೆಕ್ರೆಟರಿ. ಕಟ್ಟಡ ಗಟ್ಟಿ ಇದೆಯಾ ಅಂತ ಆಡಿಟ್ ಮಾಡಿಸೋಣ ಅಂದವನು ನಾನೇ, ಆ ರಿಪೋರ್ಟ್ ಕೊಟ್ಟ ಕನ್ಸಲ್ಟೆಂಟನ್ನು ಹುಡುಕಿ ತಂದವನೂ ನಾನೇ. ನಾಚಿಕೆ ಆಗುತ್ತೆ, ಆದರೂ ಬರೆಯುತ್ತಿದ್ದೇನೆ.

ಫೀಸು 45 ಸಾವಿರ. ಪೂರ್ತಿ ಮುಂಗಡ ಕೇಳಿದರು, ಕೊಟ್ಟೆವು. ಬಂದವರು ಇಬ್ಬರು ಹುಡುಗರು. ದೊಡ್ಡ ಎಂಜಿನಿಯರ್ ಬರಲೇ ಇಲ್ಲ. ಕೈಯಲ್ಲಿ ರಿಬೌಂಡ್ ಹ್ಯಾಮರ್, ಅಂದರೆ ಒತ್ತಿದಾಗ ಎಷ್ಟು ಪುಟಿಯುತ್ತೆ ಅಂತ ನಂಬರ್ ತೋರಿಸುವ ಸಾಧನ. ಪ್ಲಾಸ್ಟರ್ ಮಾಡಿ ಪೇಂಟ್ ಹೊಡೆದ ಗೋಡೆಗೆ ಟಕ್ ಟಕ್ ಅಂತ ಒತ್ತಿ ನಂಬರ್ ಬರೆದುಕೊಂಡರು. ನಾನು ಕಾಫಿ ಕೊಟ್ಟು ಪಕ್ಕದಲ್ಲೇ ನಿಂತು ನೋಡಿದೆ. ಏನೋ ದೊಡ್ಡ ಪರೀಕ್ಷೆ ನಡೀತಿದೆ ಅಂದುಕೊಂಡೆ. ನಲವತ್ತು ನಿಮಿಷ, ಅಷ್ಟೇ. ಒಂದು ಕಡೆಯೂ ಪ್ಲಾಸ್ಟರ್ ಕೆದಕಲಿಲ್ಲ. ಟೆರೇಸಿಗೆ ಹೋಗಲಿಲ್ಲ.

ಹತ್ತು ದಿನಕ್ಕೆ ಸ್ಪೈರಲ್ ಬೈಂಡ್ ಮಾಡಿದ ರಿಪೋರ್ಟ್ ಬಂತು. ‘ಕಟ್ಟಡ ಇನ್ನೂ 15 ವರ್ಷ ಸುರಕ್ಷಿತ’ ಅಂತ, ಮೇಲೆ ಸೀಲು. ಮೀಟಿಂಗಿನಲ್ಲಿ ನಾನೇ ಓದಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಮಹಡಿಯ ಅಜ್ಜಿ, ರಿಟೈರ್ಡ್ ಟೀಚರ್, ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುಗಿಸುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: “ಅಲ್ಲಪ್ಪಾ, ನಮ್ಮ ಬಿಲ್ಡಿಂಗಲ್ಲಿ ಕಂಬ ಎಲ್ಲಿದೆ?”

ಹನ್ನೊಂದನೇ ಪುಟ. ‘ಎಲ್ಲ ಕಂಬಗಳ ಕಾಂಕ್ರೀಟ್ ಉತ್ತಮ ಸ್ಥಿತಿಯಲ್ಲಿದೆ.’ ಕೆಳಗೆ ಒಂದು ಕಂಬದ ಫೋಟೋ, ಅದರ ಹಿಂದೆ ನೀಲಿ ಗೇಟು. ನಮ್ಮ ಗೇಟು ಹಸಿರು. ಇನ್ಯಾರದೋ ಕಟ್ಟಡದ ರಿಪೋರ್ಟಿಗೆ ನಮ್ಮ ಹೆಸರು ಹಾಕಿ ಕೊಟ್ಟಿದ್ದರು! ಎಂಟು ಮನೆಯವರೂ ನನ್ನ ಮುಖ ನೋಡಿದರು. ಅಜ್ಜಿ ನೋಡುವವರೆಗೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಎರಡು ಸಲ ಓದಿದ್ದೆ, ಎರಡು ಸಲ.

ಅಲ್ಲೇ ಫೋನ್ ಮಾಡಿದೆ. “ಟೈಪಿಂಗ್ ಮಿಸ್ಟೇಕ್ ಸಾರ್, ಸರಿ ಮಾಡಿ ಕಳಿಸ್ತೀನಿ.” ಫೋಟೋನೂ ಟೈಪಿಂಗ್ ಮಿಸ್ಟೇಕಾ? “ಫಾರ್ಮ್ಯಾಟ್ ಸಾರ್, ಎಲ್ಲರಿಗೂ ಅದೇ ಫಾರ್ಮ್ಯಾಟ್.” ಮತ್ತೆ ಬಂದು ನೋಡಿ ಅಂದೆ. ಮತ್ತೊಂದು ವಿಸಿಟ್‌ಗೆ 12 ಸಾವಿರ ಅಂದರು. ದುಡ್ಡು ವಾಪಸ್ ಕೊಡಿ ಅಂದಾಗ ಬಂದ ಮೆಸೇಜ್ ಹೀಗಿತ್ತು: “ನೀವು ಕೇಳಿದ್ದು ಸರ್ಟಿಫಿಕೇಟ್, ಕೊಟ್ಟಿದ್ದೇವೆ. ಬಿಲ್ಡಿಂಗ್ ನಿಂತೇ ಇದೆ ಅಲ್ವಾ ಸಾರ್?” ನಿಂತೇ ಇದೆ ಅಲ್ವಾ! ಒಂಬತ್ತು ಮನೆ, ಮಕ್ಕಳು, ವಯಸ್ಸಾದವರು ಮಲಗುವ ಕಟ್ಟಡದ ಬಗ್ಗೆ ಈ ಮಾತು. ಈಗ ನಂಬರ್ ಬ್ಲಾಕ್ ಮಾಡಿದ್ದಾರೆ.

ಆಮೇಲೆ ಪರಿಚಯದವರ ಮೂಲಕ ಒಬ್ಬರು ಹಿರಿಯ ಎಂಜಿನಿಯರ್ ಬಂದರು. ಹ್ಯಾಮರ್ ವಿಷಯ ಕೇಳಿ ತಲೆ ಅಲ್ಲಾಡಿಸಿದರು. ಅದು ಕಾಂಕ್ರೀಟಿನ ಮೇಲ್ಮೈ ನೋಡೋಕೆ ಇರೋದು. ಪ್ಲಾಸ್ಟರ್ ಮೇಲೆ ಬಡಿದರೆ ಒಳಗಿನ ಇಟ್ಟಿಗೆ ಬಗ್ಗೆ ಏನೂ ಗೊತ್ತಾಗಲ್ಲ. ಇಟ್ಟಿಗೆ ಕಟ್ಟಡಕ್ಕೆ ಬೇರೆ ಕೋಡ್‌ಗಳೇ (ಭಾರತೀಯ ಮಾನದಂಡಗಳು) ಇವೆ: ಗೋಡೆ ಲೆಕ್ಕಕ್ಕೆ ಐಎಸ್ 1905, ಭೂಕಂಪದ ದೃಷ್ಟಿಯಿಂದ ಪರೀಕ್ಷೆಗೂ ರಿಪೇರಿಗೂ ಐಎಸ್ 13935. ನಮ್ಮ ರಿಪೋರ್ಟಿನಲ್ಲಿ ಎರಡರ ಹೆಸರೂ ಇರಲಿಲ್ಲ.

ಅವರು ನಾಲ್ಕು ಕಡೆ ಪ್ಲಾಸ್ಟರ್ ಒಡೆಸಿದರು. ಇಟ್ಟಿಗೆ ಸಂದಿಗೆ ನನ್ನ ಸ್ಕೂಟರ್ ಕೀ ಹಾಕಿ ಕೆರೆದರು. ಮೂರು ಕಡೆ ಗಾರೆ ಗಟ್ಟಿ. ಮೂಲೆ ಮನೆಯಲ್ಲಿ ಮಾತ್ರ ಮರಳಿನ ಹಾಗೆ ಉದುರಿತು, ನನ್ನ ಚಪ್ಪಲಿ ಮೇಲೆ. ಹೊರಗೆ ಅಗೆಸಿದಾಗ ಒಳಚರಂಡಿ ಪೈಪ್ ಒಡೆದು ನೀರೆಲ್ಲ ಪಾಯದ ಕಡೆ ಹೋಗುತ್ತಿತ್ತು. ಬಿರುಕಿನ ಮೂಲ ಅದೇ, ಪಾಯ ಕುಸಿಯುತ್ತಿತ್ತು.

ಅದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು. ನೆಲಮಹಡಿಯ ಮತ್ತೊಂದು ಮನೆಯವರು ಹಾಲ್ ದೊಡ್ಡದಾಗಲಿ ಅಂತ ಅಡುಗೆಮನೆ ಗೋಡೆ ಆರು ಅಡಿ ತೆಗೆಸಿದ್ದರು. ಮೇಲೆ ಎರಡು ಮಹಡಿ, ಕೆಳಗೆ ತೊಲೆಯೇ ಇಲ್ಲ. ಆ ಹುಡುಗರು ಅದೇ ಹಾಲ್‌ನಲ್ಲಿ ಕೂತು ಕಾಫಿ ಕುಡಿದಿದ್ದರು! ಟೆರೇಸಿನಲ್ಲಿ ಐದು ಸಾವಿರ ಲೀಟರ್ ಟ್ಯಾಂಕು. ಐದು ಟನ್ ಭಾರ, ನಾಲ್ಕೂವರೆ ಇಂಚಿನ ಗೋಡೆಯ ಮೇಲೆ. ಅವತ್ತು ಸಂಜೆಯೇ ಟ್ಯಾಂಕ್ ಖಾಲಿ ಮಾಡಿಸಿ, ಹಾಲ್‌ನ ಸ್ಲ್ಯಾಬಿಗೆ ಕೆಳಗಿನಿಂದ ಆಸರೆಯಾಗಿ ಜಾಕಿ ಕೊಡಿಸಿದರು. ಈಗ ಅಲ್ಲಿ ಕಬ್ಬಿಣದ ತೊಲೆ ಕೂರಿಸುವ ಕೆಲಸ ನಡೀತಿದೆ.

ನಿಮ್ಮದು ಹಳೇ ಇಟ್ಟಿಗೆ ಕಟ್ಟಡ ಆಗಿದ್ದರೆ ದಯವಿಟ್ಟು ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಸಹಿ ಹಾಕುವ ಎಂಜಿನಿಯರೇ ಬರಬೇಕು ಅಂತ ಹಠ ಹಿಡಿಯಿರಿ. ಪ್ಲಾಸ್ಟರ್ ಒಡೆಯದೆ, ಟೆರೇಸ್ ಹತ್ತದೆ, ಯಾರು ಯಾವ ಗೋಡೆ ತೆಗೆಸಿದ್ದೀರಿ ಅಂತ ಕೇಳದೆ ಹೋದವರನ್ನು ನಂಬಲೇಬೇಡಿ. ಗೋಡೆ ತೆಗೆಸಿದವರು ಬಾಯಿ ಬಿಡಲ್ಲ, ಮನೆ ಮನೆಗೆ ಹೋಗಿ ನೋಡಬೇಕು. ರಿಪೋರ್ಟಿನ ಪ್ರತಿ ಫೋಟೋ ನಿಮ್ಮದೇನಾ ಅಂತ ನೋಡಿ. ನಾನು ನೋಡಲಿಲ್ಲ.

ಬಿರುಕಿಗೆ ಅಡ್ಡವಾಗಿ ಆ ಹಿರಿಯರು ಒಂದು ಗಾಜಿನ ಚೂರು ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು ಹೋಗಿದ್ದಾರೆ. ಗೋಡೆ ಇನ್ನೂ ಅಲುಗಾಡುತ್ತಿದ್ದರೆ ಗಾಜು ಒಡೆಯುತ್ತೆ. ದಿನಾ ಬೆಳಿಗ್ಗೆ ಹಾಲು ತರೋಕೆ ಮೊದಲು ಹೋಗಿ ಅದನ್ನು ನೋಡುತ್ತೇನೆ. ಏಳು ವಾರ ಆಯಿತು, ಇನ್ನೂ ಒಡೆದಿಲ್ಲ. ದುಡ್ಡಿಗಾಗಿ ಗ್ರಾಹಕರ ಕೋರ್ಟಿಗೆ ಹೋಗುತ್ತಿದ್ದೇವೆ.