ಹಳೇ ಟ್ಯಾಪೆಟ್, ಹೊಸ ಕ್ಯಾಮ್, ಮೇಲೊಂದು ‘ಹೆವಿ’ ಸ್ಪ್ರಿಂಗ್: ಕಮ್ಮಿನ್ಸ್ ಗಾಡಿಯವರೇ ಹುಷಾರು

ಟಾಟಾ 2515 ಥರದ ಹಳೇ ಗಾಡಿಯಲ್ಲಿ 5.9 ಲೀಟರ್ ಕಮ್ಮಿನ್ಸ್ ಎಂಜಿನ್ ಇಟ್ಟುಕೊಂಡು ಇನ್ನೂ ಬಾಡಿಗೆ ಹೊಡೆಯುತ್ತಿರುವವರು ಇದನ್ನು ಪೂರ್ತಿ ಓದಿ. ಕ್ಯಾಮ್ ಶಾಫ್ಟ್ (ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳಿರುವ ದಂಡ) ಬದಲಿಸುವ ಹೊತ್ತಿಗೆ ಯಾರಾದರೂ “ಜೊತೆಗೆ ಹೆವಿ ಡ್ಯೂಟಿ ವಾಲ್ವ್ ಸ್ಪ್ರಿಂಗ್ ಸೆಟ್ಟೂ ಹಾಕಿಬಿಡಿ, ಪಿಕಪ್ ಬರುತ್ತೆ” ಅಂದರೆ ಮೊದಲು ಆ ಸ್ಪ್ರಿಂಗಿನ ಲೆಕ್ಕ ಕೇಳಿ. ಎಷ್ಟು ಎತ್ತರಕ್ಕೆ ಒತ್ತಿದಾಗ ಎಷ್ಟು ಕೆಜಿ ಭಾರ ಕೊಡುತ್ತೆ ಅನ್ನೋ ಲೆಕ್ಕ. ಅದು ಕಾಗದದ ಮೇಲೆ ಇಲ್ಲ ಅಂದರೆ ಅಂಗಡಿಯಿಂದ ಎದ್ದು ಬನ್ನಿ.

ನಮ್ಮದು ಹಾಸನ ಕಡೆಯ ಗಾಡಿ. ಮಂಗಳೂರು ಬಂದರಿನಲ್ಲಿ ಗೊಬ್ಬರ ತುಂಬಿಕೊಂಡು ಶಿರಾಡಿ ಹತ್ತೋದು, ಇಳಿಯುವಾಗ ಸಿಕ್ಕಿದ ಲೋಡು. ಟ್ಯಾಪೆಟ್ ಸದ್ದು ಶುರುವಾಗಿತ್ತು. ಟ್ಯಾಪೆಟ್ ಅಂದರೆ ಕ್ಯಾಮಿನ ಉಬ್ಬಿನ (ಲೋಬ್) ಮೇಲೆ ಕೂತು, ಪುಶ್ ರಾಡ್ ಅನ್ನೋ ಕಡ್ಡಿ, ರಾಕರ್ ಅನ್ನೋ ತೋಳಿನ ಮೂಲಕ ವಾಲ್ವ್ ತೆರೆಸೋ ಭಾಗ. ಈ ಎಂಜಿನ್ನಿಗೆ ರಾಕರಿಗೂ ವಾಲ್ವಿಗೂ ನಡುವೆ ಇನ್‌ಲೆಟ್ 10 ಥೌ, ಎಗ್ಜಾಸ್ಟ್ 20 ಥೌ ಗ್ಯಾಪು (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಸೆಟ್ಟಿಂಗ್ ಮಾಡಿಸಿ ಸ್ವಲ್ಪ ದಿನಕ್ಕೇ ಒಂದು ಎಗ್ಜಾಸ್ಟ್ ವಾಲ್ವಿನಲ್ಲಿ ಮತ್ತೆ ಫಿಲ್ಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಸಡಿಲವಾಗಿ ಆಡುತ್ತಿತ್ತು. ಇಲ್ಲೊಂದು ಮಾತು ನೆನಪಿಡಿ: ವಾಲ್ವೋ ಸೀಟೋ ತಿಂದಿದ್ದರೆ ಗ್ಯಾಪ್ ಕಡಿಮೆಯಾಗುತ್ತೆ. ಹೆಚ್ಚುತ್ತಲೇ ಹೋದರೆ ಕೆಳಗೆ ಕ್ಯಾಮ್ ಲೋಬೋ ಟ್ಯಾಪೆಟ್ಟೋ ಸವೆಯುತ್ತಿದೆ ಅಂತ ಗುಮಾನಿ ಪಡಬೇಕು. ನಮ್ಮ ಮೇಸ್ತ್ರಿ ಅಷ್ಟನ್ನು ಸರಿಯಾಗೇ ಹಿಡಿದರು. ಕ್ಯಾಮ್ ಹೋಗಿದೆ ಅಂದರು, ಹೋಗಿತ್ತು.

ಕಂಪನಿ ಕ್ಯಾಮ್‌ಗೆ ರೇಟು ಕೇಳಿದಾಗ ಅಂಗಡಿಯವರು ಅದರ ಅರ್ಧ ರೇಟಿಗೆ ಇನ್ನೊಂದು ಡಬ್ಬ ಇಳಿಸಿದರು. ಮೇಲೆ ಹೊಳೆಯುವ ಸ್ಟಿಕ್ಕರು, ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಅಕ್ಷರ, ತಯಾರಕರ ವಿಳಾಸ ಮಾತ್ರ ಇಲ್ಲ. “ಅಣ್ಣಾ, ಘಾಟಿ ಗಾಡಿ ಅಂದ್ಮೇಲೆ ಹೆವಿ ಸ್ಪ್ರಿಂಗೇ ಬೇಕು. ಎಗ್ಜಾಸ್ಟ್ ಬ್ರೇಕ್ ಹಾಕಿದಾಗ ವಾಲ್ವು ತೇಲಲ್ಲ” ಅಂತ ಸ್ಪ್ರಿಂಗ್ ಸೆಟ್ಟೂ ಸೇರಿಸಿದರು. ಎಗ್ಜಾಸ್ಟ್ ಬ್ರೇಕ್ ಅಂದರೆ ಹೊಗೆ ಹೋಗೋ ದಾರಿ ಅಡ್ಡಗಟ್ಟಿ ಗಾಡಿ ನಿಧಾನಿಸೋದು, ತೇಲೋದು ಅಂದರೆ ವಾಲ್ವ್ ತನ್ನ ಸೀಟಿನಿಂದ ಏಳೋದು. ಟ್ಯಾಪೆಟ್ ಹೊಸದು ಬೇಡವಾ ಅಂತ ಕೇಳಿದ್ದಕ್ಕೆ “ಹಳೇದು ಗುಂಡು ಥರ ಇರುತ್ತೆ, ಸುಮ್ನೆ ಯಾಕೆ ಖರ್ಚು?” ಅಂದರು. ಗ್ಯಾರೇಜಿನಲ್ಲೂ ಅದೇ ಉತ್ತರ.

ಆ ಉತ್ತರಕ್ಕೆ ಕಾರಣ ಇದೆ. ಈ ಎಂಜಿನ್ನಿನ ಟ್ಯಾಪೆಟ್ ಅಣಬೆ ಆಕಾರದ್ದು. ತಲೆ ಅಗಲ, ಕೆಳಗಿನಿಂದಲೇ ಸೇರಬೇಕು, ಮೇಲಿಂದ ಎತ್ತಿ ತೆಗೆಯೋಕೆ ಬರೋದಿಲ್ಲ. ಆದ್ದರಿಂದ ಕ್ಯಾಮ್ ಎಳೆಯುವಾಗ ಪುಶ್ ರಾಡ್ ತೂತಿನಿಂದ ಮರದ ಕೋಲು ಬಡಿದು, ಹನ್ನೆರಡೂ ಟ್ಯಾಪೆಟ್‌ಗಳನ್ನು ಮೇಲಕ್ಕೆತ್ತಿ ನೇತುಹಾಕುತ್ತಾರೆ. ಹಳೇ ಕ್ಯಾಮ್ ಹೊರಗೆ, ಹೊಸದು ಒಳಗೆ, ಕೋಲು ಕಿತ್ತರೆ ಮುಗೀತು. ಟ್ಯಾಪೆಟ್ ಬದಲಿಸಬೇಕು ಅಂದರೆ ಒಂದೊಂದನ್ನೇ ಕ್ಯಾಮ್ ತೂತಿನೊಳಗೆ ಇಳಿಸಿ ಈಚೆಗೆ ತರಬೇಕು, ಹೊಸದನ್ನು ಹಾಗೇ ಒಳಗೆ ಕಳಿಸಬೇಕು. ಬೆವರಿಳಿಸುವ ಕೆಲಸ. ಅದನ್ನು ತಪ್ಪಿಸೋಕೆ “ಹಳೇದೇ ಚೆನ್ನಾಗಿದೆ” ಅನ್ನೋದು.

ಚೆನ್ನಾಗಿರೋದಿಲ್ಲ. ಹೊಸ ಟ್ಯಾಪೆಟ್ಟಿನ ಮುಖ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತೆ, ಲೋಬ್ ಕೂಡ ಚೂರು ಓರೆಯಾಗಿ ಗ್ರೈಂಡ್ ಆಗಿರುತ್ತೆ. ಎರಡೂ ಸೇರಿ ಟ್ಯಾಪೆಟ್ ತನ್ನಷ್ಟಕ್ಕೆ ತಿರುಗುತ್ತಾ ಇರುತ್ತೆ, ಅದಕ್ಕೇ ಸವೆತ ಒಂದೇ ಕಡೆ ಬೀಳೋದಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಟ್ಯಾಪೆಟ್ ತನ್ನ ಹಳೇ ಲೋಬಿಗೆ ಒಗ್ಗಿ ಸವೆದಿರುತ್ತೆ. ಅದನ್ನು ಹೊಸ ಲೋಬಿನ ಮೇಲೆ ಕೂರಿಸೋದು ಒಬ್ಬರು ಸವೆಸಿದ ಚಪ್ಪಲಿಯನ್ನು ಇನ್ನೊಬ್ಬರ ಕಾಲಿಗೆ ತೊಡಿಸಿದ ಹಾಗೆ. ತಿರುಗೋದು ನಿಂತಿತು ಅಂದರೆ ಲೋಬಿನ ಒಂದೇ ಗೆರೆ ಉಜ್ಜಿಸಿಕೊಳ್ಳುತ್ತೆ. ಅದರ ಮೇಲೆ ಹೆವಿ ಸ್ಪ್ರಿಂಗು! ಸ್ಪ್ರಿಂಗಿನ ಭಾರ ಇದ್ದಷ್ಟೇ ಕೆಳಗೆ ಬರೋದಿಲ್ಲ. ರಾಕರಿನ ವಾಲ್ವ್ ಕಡೆಯ ತೋಳು ಉದ್ದ, ಪುಶ್ ರಾಡ್ ಕಡೆಯದು ಗಿಡ್ಡ, ಹಾಗಾಗಿ ಮೇಲೆ ಹತ್ತು ಕೆಜಿ ಹೆಚ್ಚಿಸಿದರೆ ಲೋಬಿನ ಮೇಲೆ ಬೀಳೋದು ಅದಕ್ಕಿಂತ ಜಾಸ್ತಿ.

ನಮ್ಮ ಗಾಡಿಯಲ್ಲಿ ಆಗಿದ್ದೂ ಇದೇ. ಮೊದಲ ವಾರಗಳಲ್ಲಿ ಸದ್ದಿಲ್ಲ, ಖುಷಿ. ಆಮೇಲೆ ಲೋಡಿನಲ್ಲಿ ಎಳೆತ ಕಡಿಮೆ, ಗುಂಡ್ಯ ದಾಟಿ ಏರು ಸಿಕ್ಕಿದ ಕೂಡಲೇ ಕಪ್ಪು ಹೊಗೆ, ಏರ್ ಫಿಲ್ಟರ್ ಕಡೆಯಿಂದ ಪಫ್ ಪಫ್ ಅಂತ ಸದ್ದು. ಗ್ಯಾರೇಜಿನವರು ಡೀಸೆಲ್ ನಾಜಲ್ ಅಂದರು, ಡೀಸೆಲ್ ಪಂಪ್ ಅಂದರು, ಎರಡನ್ನೂ ಬಿಚ್ಚಿ ತೋರಿಸಿ ಆಯಿತು, ಆ ದುಡ್ಡೂ ಹೋಯಿತು. ಎಗ್ಜಾಸ್ಟ್ ಲೋಬ್ ಸವೆದು ವಾಲ್ವ್ ಪೂರ್ತಿ ತೆರೆಯದಿದ್ದರೆ ಸುಟ್ಟ ಗಾಳಿ ಸಿಲಿಂಡರಿನಲ್ಲೇ ಉಳಿದು, ಇನ್‌ಲೆಟ್ ತೆರೆದಾಗ ಹಿಂದಕ್ಕೆ ಉಗುಳುತ್ತೆ. ಆ ಪಫ್ ಸದ್ದು ಕೇಳಿದರೆ ಪಂಪಿಗೆ ಕೈ ಹಾಕಿಸುವ ಮೊದಲು ವಾಲ್ವ್ ಕವರ್ ತೆಗೆಸಿ, ಡಯಲ್ ಗೇಜ್ ಇಟ್ಟು ಪ್ರತಿಯೊಂದು ಪುಶ್ ರಾಡ್ ಎಷ್ಟು ಏಳುತ್ತೆ ನೋಡಿಸಿ. ಎಗ್ಜಾಸ್ಟ್ ಆರನ್ನು ಒಂದಕ್ಕೊಂದು ತಾಳೆ ನೋಡಿ, ಇನ್‌ಲೆಟ್ ಆರನ್ನೂ ಹಾಗೇ. ಯಾವುದು ಗಿಡ್ಡ ಅಂತ ಅಲ್ಲೇ ಗೊತ್ತಾಗುತ್ತೆ.

ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದದ ಮಡಿಕೆ ಬಿಚ್ಚಿದರೆ ಮಡಿಕೆ ಮಡಿಕೆಯಲ್ಲೂ ಬೂದು ಬಣ್ಣದ ಹೊಳೆಯುವ ಪುಡಿ. ಆಯಸ್ಕಾಂತ ಹತ್ತಿರ ತಂದರೆ ರೋಮ ಎದ್ದ ಹಾಗೆ ಎದ್ದು ನಿಂತಿತು. ಕ್ರ್ಯಾಂಕಿನ ಬೇರಿಂಗ್ ಚಿಪ್ಪುಗಳ ಮೇಲೂ ಗೀರು. ಕ್ಯಾಮ್ ದುಡ್ಡು ಉಳಿಸೋಕೆ ಹೋಗಿ ಕ್ರ್ಯಾಂಕ್ ಕೆಲಸ ತಲೆ ಮೇಲೆ ಬಂತು.

ಬಿಚ್ಚಿದ ಸ್ಪ್ರಿಂಗ್‌ಗಳನ್ನು ಬೇರೆ ಊರಿನ ಹೆಡ್ ಕೆಲಸದವರ ಹತ್ತಿರ ಒಯ್ದೆ. ಹಿರಿಯರು, ಮಾತು ಕಮ್ಮಿ. ಹನ್ನೆರಡನ್ನೂ ಸಮತಟ್ಟಾದ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ ಮೇಲೊಂದು ಸ್ಟೀಲ್ ಸ್ಕೇಲ್ ಇಟ್ಟರು. ಸ್ಕೇಲು ಕುಂಟಿತು. ಒಂದು ಸೆಟ್ಟು ಅಂತ ಮಾರಿದ ಸ್ಪ್ರಿಂಗ್‌ಗಳೇ ಒಂದೇ ಎತ್ತರ ಇಲ್ಲ, ಕೆಲವು ನೇರವಾಗಿಯೂ ನಿಲ್ಲೋದಿಲ್ಲ. ಟೆಸ್ಟರಿಗೆ ಹಾಕಿ ಒಂದೇ ಎತ್ತರಕ್ಕೆ ಒತ್ತಿದಾಗ ಒಂದೊಂದಕ್ಕೂ ಮುಳ್ಳು ಒಂದೊಂದು ಕಡೆ ನಿಂತಿತು. ಕೆಲವು ಕಂಪನಿ ಸ್ಪ್ರಿಂಗಿಗಿಂತ ವಿಪರೀತ ಗಟ್ಟಿ, ಎರಡು ಅದಕ್ಕಿಂತಲೂ ಮೆತ್ತಗೆ. “ಇದಕ್ಕೆ ಹೆವಿ ಅಂತ ಹೆಸರಿಟ್ಟೋರು ಯಾರು?” ಅಂತ ಒಂದೇ ಮಾತು ಕೇಳಿ ಮುಂದಿನ ಕೆಲಸಕ್ಕೆ ಹೋದರು.

ಈ ಹೆವಿ ಸ್ಪ್ರಿಂಗಿನ ಹುಚ್ಚು ಬಂದಿದ್ದು ಅಮೆರಿಕದಿಂದ. ಇದೇ 5.9 ಕಮ್ಮಿನ್ಸ್ ಅಲ್ಲಿ 1989ರ ಮಾಡೆಲ್ಲಿನಿಂದ ಡಾಡ್ಜ್ ಪಿಕಪ್‌ಗಳಲ್ಲಿ ಬಂತು. ಅಲ್ಲಿನವರು ಗವರ್ನರ್ (ಎಂಜಿನ್ ವೇಗಕ್ಕೆ ಮಿತಿ ಹಾಕುವ ಭಾಗ) ಸ್ಪ್ರಿಂಗ್ ಬದಲಿಸಿ 3000 ಆರ್‌ಪಿಎಂ ಮೇಲೆ ತಿರುಗಿಸುತ್ತಾರೆ, ಟರ್ಬೊ ಬೂಸ್ಟ್ ಏರಿಸುತ್ತಾರೆ, ರೇಸಿಗೆ ಹೋಗುತ್ತಾರೆ. ಅವರಿಗೆ ಬೇರೆ ಕ್ಯಾಮ್, ಗಟ್ಟಿ ಸ್ಪ್ರಿಂಗ್ ನಿಜವಾಗಿ ಬೇಕು. ಜಾಸ್ತಿ ಒತ್ತಡದ ಎಗ್ಜಾಸ್ಟ್ ಬ್ರೇಕ್ ಕೂರಿಸುವವರಿಗೂ ಬೇಕು, ಹಿಂದಿನ ಒತ್ತಡ ಎಗ್ಜಾಸ್ಟ್ ವಾಲ್ವನ್ನು ಸೀಟಿನಿಂದ ಎಬ್ಬಿಸುತ್ತೆ ಅನ್ನೋದು ಸುಳ್ಳಲ್ಲ. ಆದರೆ ನಮ್ಮ ಲಾರಿ 2500ರ ಆಸುಪಾಸಿಗೇ ಗವರ್ನ್ ಆಗಿರೋದು, ಫ್ಯಾಕ್ಟರಿ ಎಗ್ಜಾಸ್ಟ್ ಬ್ರೇಕಿಗೆ ಫ್ಯಾಕ್ಟರಿ ಸ್ಪ್ರಿಂಗ್ ಲೆಕ್ಕ ಹಾಕಿಯೇ ಕೊಟ್ಟಿರೋದು. ಲೋಡ್ ಗಾಡಿಗೆ ರೇಸ್ ಕ್ಯಾಮ್ ಯಾಕೆ ಸ್ವಾಮೀ? ಕಂಪನಿ ಪಾರ್ಟ್ ನಂಬರಿಗೆ ಸರಿಹೊಂದುವ ಕ್ಯಾಮ್, ಹೊಸ ಟ್ಯಾಪೆಟ್, ಅದೇ ಅಳತೆಯ ಸ್ಪ್ರಿಂಗ್ ಸಾಕು. ಬೇರೆ ಸ್ಪ್ರಿಂಗ್ ಹಾಕಲೇಬೇಕು ಅಂದರೆ ಕೂರಿಸಿದಾಗಿನ ಎತ್ತರ ಅಳೆಯಬೇಕು, ವಾಲ್ವ್ ಪೂರ್ತಿ ತೆರೆದಾಗ ಸುರುಳಿಗೆ ಸುರುಳಿ ತಾಗದೆ ಜಾಗ ಉಳಿಯುತ್ತಾ ನೋಡಬೇಕು. ಹಾಗೆ ನೋಡದೇ ಹಾಕಿದ ನಮ್ಮದರಲ್ಲಿ ಒಂದು ಪುಶ್ ರಾಡ್ ಬಾಗಿತ್ತು.

ಇನ್ನೊಂದು, ಮೊದಲ ಸ್ಟಾರ್ಟ್. ಗ್ಯಾರೇಜಿನವರು ಲೀಕ್ ನೋಡೋಕೆ ಅಂತ ಗಾಡಿಯನ್ನು ಸ್ಲೋನಲ್ಲಿ ಬಿಟ್ಟು ಟೀಗೆ ಹೋಗಿದ್ದರು. ಲೋಬಿಗೆ ಆಯಿಲ್ ಸಿಗೋದು ಹೆಚ್ಚಾಗಿ ಕ್ರ್ಯಾಂಕ್ ಎರಚಿದ್ದರಿಂದ. ಸ್ಲೋನಲ್ಲಿ ಅದು ಸಾಲದು. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿದ ಮೇಲೆ ಲೋಬಿಗೆಲ್ಲ ಅಸೆಂಬ್ಲಿ ಪೇಸ್ಟ್ ಬಳಿದು, ಸ್ಟಾರ್ಟ್ ಆದ ಕೂಡಲೇ 1500ರಿಂದ 2000 ಆರ್‌ಪಿಎಂನಲ್ಲಿ ಸುಮಾರು 20 ನಿಮಿಷ ಓಡಿಸಬೇಕು. ಡೀಸೆಲ್ ಎಂಜಿನ್ನಿನ ಆಯಿಲ್ಲೇ ಹಾಕಬೇಕು, ಕಾರಿನ ಪೆಟ್ರೋಲ್ ಎಂಜಿನ್ ಆಯಿಲ್ ಅಲ್ಲ. ಸವೆತ ತಡೆಯುವ ಜಿಂಕ್ ಅದರಲ್ಲಿ ಕಡಿಮೆ.

ಹಾಗೇ, ಟೈಮಿಂಗ್ ಕವರ್ ಬಿಚ್ಚಿದಾಗ ಒಳಗಿನ ಸಣ್ಣ ಡೋವೆಲ್ ಪಿನ್ (ಭಾಗ ಸರಿಯಾಗಿ ಕೂರಲು ಇಟ್ಟ ಗೂಟ) ನೋಡಿಸಿ. ಅದು ಸಡಿಲವಾಗಿ ಗೇರಿನ ಮಧ್ಯೆ ಬೀಳೋದು ಈ ಎಂಜಿನ್ನಿನ ಹಳೇ ಕಾಯಿಲೆ. ಅದನ್ನು ತಡೆಯೋಕೆ ಒಂದು ಸಣ್ಣ ಪಟ್ಟಿ ಸಾಕು.

ಅಂಗಡಿಯವರು ಈಗ “ಫಿಟ್ಟಿಂಗ್ ಸರಿ ಇಲ್ಲ” ಅನ್ನುತ್ತಾರೆ, ಗ್ಯಾರೇಜಿನವರು “ಮಾಲ್ ಸರಿ ಇಲ್ಲ” ಅನ್ನುತ್ತಾರೆ. ಜಿಎಸ್‌ಟಿ ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀವಿ ಅಂದಿದ್ದರು, ನಾನು ಹಟ ಹಿಡಿದು ಬಿಲ್ ಹಾಕಿಸಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ರಕ್ಷಣೆ ಇಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವವನು ಗ್ರಾಹಕನೇ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನನ್ನ ದೂರು ತಯಾರಾಗುತ್ತಿದೆ. ನಿಮಗೂ ಹೀಗಾದರೆ ಸವೆದ ಕ್ಯಾಮ್, ಟ್ಯಾಪೆಟ್, ಸ್ಪ್ರಿಂಗ್, ಕತ್ತರಿಸಿದ ಫಿಲ್ಟರ್, ಖಾಲಿ ಡಬ್ಬ ಯಾವುದನ್ನೂ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಮಾರನೇ ದಿನ ಗುಜರಿಗೆ ಹೋಗಿರುತ್ತೆ.