ಹೊರಗೋಡೆಗೆ ಪೇಂಟ್ ಹೊಡೆಸುವ ಮುಂಚೆ ಓದಿ: ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಆಗಿದ್ದು ನಿಮ್ಮಲ್ಲಿ ಆಗಬಾರದು

ಹೊರಗೋಡೆ ರಿಪೇರಿ, ಪೇಂಟಿಂಗ್ ಅಂತ ಕೊಟೇಶನ್ ತರಿಸುತ್ತಿರುವ ಅಸೋಸಿಯೇಶನ್‌ನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಟ್ಟಡಕ್ಕೆ ಏನಾಗಿದೆ ಅಂತ ಪೇಂಟ್ ಕಾಂಟ್ರ್ಯಾಕ್ಟರ್ ಕೈಲಿ ಹೇಳಿಸಬೇಡಿ. ನೋಡಿ ಹೇಳುವವರು ಬೇರೆ ಇರಬೇಕು, ಕೆಲಸ ಮಾಡುವವರು ಬೇರೆ ಇರಬೇಕು. ನಮ್ಮಲ್ಲಿ ಎರಡೂ ಒಬ್ಬರೇ ಆಗಿದ್ದರು.

ನಮ್ಮದು ಬೆಂಗಳೂರಿನಲ್ಲಿ 20 ವರ್ಷ ದಾಟಿದ, ನಾಲ್ಕು ಅಂತಸ್ತಿನ ಕಟ್ಟಡ. ಪಶ್ಚಿಮದ ಗೋಡೆಯಲ್ಲಿ ಬಿರುಕು, ಬಾತ್‌ರೂಮ್ ಕಡೆಯ ಗೋಡೆಯಲ್ಲಿ ಪಾಚಿ, ಬಾಲ್ಕನಿಗಳ ಅಡಿಯಲ್ಲಿ ಅಲ್ಲಲ್ಲಿ ತುಕ್ಕಿನ ಕಲೆ. ಬಂದ ಕೊಟೇಶನ್‌ಗಳಲ್ಲೆಲ್ಲ ರಿಪೇರಿಗೆ ಒಂದೇ ಸಾಲು: ಬಿರುಕು ತುಂಬಿ, ಅಗತ್ಯ ಇರುವಲ್ಲಿ ಪ್ಯಾಚ್ ಮಾಡಿ, ಎರಡು ಕೋಟ್ ಬಣ್ಣ. ಎಷ್ಟು ಉದ್ದದ ಬಿರುಕು, ಯಾವ ಮಾಲಿನಿಂದ ತುಂಬುತ್ತಾರೆ, ಅಗತ್ಯ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋದು ಯಾರು, ಒಂದೂ ಇಲ್ಲ. ಮೀಟಿಂಗ್‌ನಲ್ಲಿ ಗಂಟೆಗಟ್ಟಲೆ ಮಾತಾಡಿದ್ದು ಬಣ್ಣದ ಶೇಡ್ ಬಗ್ಗೆ, ಚದರ ಅಡಿಗೆ ಎಷ್ಟು ಅನ್ನೋದರ ಬಗ್ಗೆ. ಕಡಿಮೆ ರೇಟ್ ಹೇಳಿದವರಿಗೆ ಕೆಲಸ ಹೋಯಿತು.

ಅದನ್ನೂ ಶುರು ಮಾಡಿದ್ದು ಆಗಸ್ಟ್‌ನಲ್ಲಿ. ಹಬ್ಬಕ್ಕೆ ಮುಗಿಸಿಕೊಡ್ತೀವಿ ಅಂದರು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಅಲ್ವಾ ಮಳೆ ಜಾಸ್ತಿ? ರಾತ್ರಿ ಸುರಿದ ಮಳೆಗೆ ನೆನೆದ ಗೋಡೆಗೆ ಬೆಳಿಗ್ಗೆ ಬಿಸಿಲು ಬಂದ ತಕ್ಷಣ ಪ್ರೈಮರ್ ಹೊಡೆದರು. ಹೊಸ ಪ್ಲಾಸ್ಟರ್ ಹಾಕಿದ ಕಡೆ ಕನಿಷ್ಠ ಒಂದು ವಾರ ನೀರು ಹಾಕಿ ಕ್ಯೂರಿಂಗ್ ಮಾಡಬೇಕು, ಆಮೇಲೆ ಒಣಗೋಕೆ ಬಿಡಬೇಕು, ಒಟ್ಟು 28 ದಿನ ಆದರೂ ಬೇಕು. ಇಲ್ಲಿ ಅದೇ ವಾರ ಬಣ್ಣ ಬಿತ್ತು. ಕೇಳಿದವರಿಗೆ ಸಿಕ್ಕ ಉತ್ತರ, "ಇದು ವಾಟರ್‌ಪ್ರೂಫ್ ಪೇಂಟ್ ಸಾರ್, ಏಳು ವರ್ಷ ವಾರಂಟಿ ಇದೆ, ಯೋಚನೆ ಮಾಡಬೇಡಿ."

ದೀಪಾವಳಿ ಹೊತ್ತಿಗೆ ಕಟ್ಟಡ ಫಳಫಳ ಅಂತಿತ್ತು. ದುಡ್ಡು ಪೂರ್ತಿ ಕೊಟ್ಟಾಯಿತು.

ಮುಂದಿನ ಬೇಸಿಗೆ ಮಳೆಗೇ ಬಂಡವಾಳ ಬಯಲಾಯಿತು. ಬಾತ್‌ರೂಮ್ ಕಡೆಯ ಗೋಡೆಯಲ್ಲಿ ಅಂಗೈಯಗಲದ ಗುಳ್ಳೆಗಳು ಎದ್ದವು. ಒಂದನ್ನು ಚುಚ್ಚಿದರೆ ಒಳಗಿಂದ ಕಂದು ಬಣ್ಣದ ನೀರು ಇಳಿಯಿತು. ಆ ನೀರು ಮಳೆಯದ್ದಲ್ಲ. ಮೇಲಿನ ಮನೆಯ ಬಾತ್‌ರೂಮಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೊರಗೆ ಹೋಗುವ ಜಾಲರಿ ತೂತು) ಸುತ್ತ ಸೋರಿ ಗೋಡೆಯೊಳಗೆ ಸೇರುತ್ತಿದ್ದ ನೀರು. ಮುಂಚೆ ಅದು ಹೇಗೋ ಹೊರಗೆ ಬಂದು ಆರುತ್ತಿತ್ತು. ಈಗ ದಪ್ಪ ರಬ್ಬರಿನಂಥ ಪೇಂಟ್ ಅದನ್ನು ಒಳಗೇ ಕಟ್ಟಿಹಾಕಿತ್ತು, ಹಾಗಾಗಿ ಕೆಳಗಿನ ಮನೆಯ ಬೆಡ್‌ರೂಮ್ ಗೋಡೆಗೂ ತೇವ ಹತ್ತಿ ಬಿಳಿ ಉಪ್ಪು ಉದುರೋಕೆ ಶುರುವಾಯಿತು.

ಅದಕ್ಕಿಂತ ದೊಡ್ಡದು ಜೂನ್‌ನಲ್ಲಿ ಆಯಿತು. ಎರಡನೇ ಮಹಡಿಯ ಬಾಲ್ಕನಿ ಅಂಚಿನಿಂದ ಕಾಂಕ್ರೀಟ್ ತುಂಡೊಂದು ಕಳಚಿ, ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಬಿತ್ತು. ಸಂಜೆ ಮಕ್ಕಳು ಆಡೋದು ಅಲ್ಲೇ. ಬಿದ್ದಿದ್ದು ಮಧ್ಯಾಹ್ನ, ಯಾರಿಗೂ ಏನೂ ಆಗಲಿಲ್ಲ. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ.

ಆ ತುಂಡನ್ನು ಎತ್ತಿ ನೋಡಿದೆವು. ಮೇಲೆ ಹೊಸ ಬಣ್ಣ. ಅದರ ಹಿಂದೆ ಒಂದು ಬೆರಳು ದಪ್ಪ ವಾಲ್ ಪುಟ್ಟಿ. ಗೋಡೆ ನುಣುಪು ಮಾಡೋಕೆ ಒಂದೂವರೆ ಮಿಲಿಮೀಟರ್ ಆಸುಪಾಸು ಸವರುವ ವಸ್ತು ಅದು, ಅದನ್ನು ಹಳ್ಳಕ್ಕೆ ಮೆತ್ತಿದ್ದರು. ಬಾಲ್ಕನಿ ಅಡಿಯಲ್ಲಿ ಕಂಡ ಕಂಬಿ ಉಗುರಲ್ಲಿ ಕೆರೆದರೂ ಪದರ ಪದರವಾಗಿ ಉದುರುತ್ತಿತ್ತು. ತುಕ್ಕು ಉಜ್ಜಿಲ್ಲ, ಕಂಬಿಗೆ ಏನೂ ಬಳಿದಿಲ್ಲ, ಸುಮ್ನೆ ಮುಚ್ಚಿದ್ದಾರೆ ಅಷ್ಟೆ.

ಕೊನೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಚಿಕ್ಕ ಸುತ್ತಿಗೆ ಹಿಡಿದು ಒಂದೊಂದು ಬಾಲ್ಕನಿಯ ಅಡಿಯನ್ನೂ ತಟ್ಟುತ್ತಾ ಹೋದರು. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತೆ, ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು. ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಒಂದು ಕಡೆ ಸ್ವಲ್ಪ ಒಡೆದು, ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ಥಲೀನ್ ದ್ರಾವಣ ಚಿಮುಕಿಸಿದರು. ಕಾಂಕ್ರೀಟ್‌ನಲ್ಲಿ ಕ್ಷಾರ ಉಳಿದಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ನಮ್ಮದು ಕಂಬಿಯ ತನಕ ಬಣ್ಣವೇ ಬದಲಾಗಲಿಲ್ಲ. ಅಂದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಇಳಿದು, ಕಂಬಿಯನ್ನು ತುಕ್ಕಿನಿಂದ ಕಾಯುತ್ತಿದ್ದ ಕ್ಷಾರ ಹೋಗಿಬಿಟ್ಟಿದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತೆ, ಅದೇ ಕಾಂಕ್ರೀಟನ್ನು ಒಳಗಿಂದ ಒಡೆದು ಹೊರಗೆ ತಳ್ಳೋದು. ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ, ಅಂದರೆ ಕವರ್ ಕೂಡ ಕಟ್ಟುವಾಗಲೇ ಕಡಿಮೆ ಬಿಟ್ಟಿದ್ದರು. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐ.ಎಸ್. 456 ಪ್ರಕಾರ ಮಳೆ ಗಾಳಿ ತಾಗದ ಕಡೆಗೇ 20 ಮಿಲಿಮೀಟರ್ ಬೇಕು, ಹೊರಗೆ ಇನ್ನೂ ಜಾಸ್ತಿ.

ಸರಿಯಾದ ರಿಪೇರಿ ಹೇಗೆ ಅಂತ ಅವರೇ ವಿವರಿಸಿದರು. ಟೊಳ್ಳು ಭಾಗವನ್ನೆಲ್ಲ ಒಡೆದು ಕಂಬಿಯ ಹಿಂಭಾಗವೂ ಕಾಣುವ ಹಾಗೆ ಬಿಡಿಸಬೇಕು. ತುಕ್ಕು ಪೂರ್ತಿ ಉಜ್ಜಿ, ಜಾಸ್ತಿ ಸವೆದಿದ್ದರೆ ಹೊಸ ಕಂಬಿ ಜೋಡಿಸಬೇಕು. ಆಮೇಲೆ ತುಕ್ಕು ನಿರೋಧಕ ಪ್ರೈಮರ್, ಪಾಲಿಮರ್ ಸೇರಿಸಿದ ಗಾರೆ. ಇಷ್ಟಾದ ಮೇಲೆ ಬಣ್ಣದ ಮಾತು. ಕಿಟಕಿ ಮೇಲಿನ ಸಜ್ಜಾದ ಅಂಚಿನ ಕೆಳಗೆ ನೀರು ತೊಟ್ಟಿಕ್ಕಿ ಬೀಳೋಕೆ ಒಂದು ಸಣ್ಣ ಗ್ರೂವ್ ಇರಬೇಕು, ನಮ್ಮಲ್ಲಿ ಅದೇ ಇರಲಿಲ್ಲ, ನೀರು ಅಡಿಗೆ ಹರಿದು ನೇರ ಗೋಡೆಗೆ ಬರುತ್ತಿತ್ತು. ಪೈಪ್ ಪಕ್ಕ ಬೆಳೆದಿದ್ದ ಅರಳಿ ಗಿಡವನ್ನು ಮೇಲೆ ಮೇಲೆ ಕತ್ತರಿಸಿ ಬಣ್ಣ ಬಳಿದಿದ್ದರು. ಬೇರು ಬಿರುಕಿನೊಳಗೆ ಹಾಗೇ ಇತ್ತು, ಬಣ್ಣ ಸೀಳಿಕೊಂಡು ಮತ್ತೆ ಚಿಗುರಿದೆ.

ವಾರಂಟಿ ವಿಷಯಕ್ಕೆ ಬರುತ್ತೇನೆ. ಪೇಂಟ್ ಕಂಪನಿಯವರು ಬಂದು ನೋಡಿ, ಒಳಗಿಂದ ಬಂದ ತೇವ, ಕಟ್ಟಡದ ಬಿರುಕು ವಾರಂಟಿಗೆ ಸೇರಲ್ಲ ಅಂದರು. ಪತ್ರದಲ್ಲಿ ಹಾಗೇ ಬರೆದಿತ್ತು. ಕಾಂಟ್ರ್ಯಾಕ್ಟರ್ ಒಂದೆರಡು ಸಲ ಫೋನ್ ಎತ್ತಿದರು, ಆಮೇಲೆ ಅದೂ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಹಗ್ಗದ ಜೂಲಾದಲ್ಲಿ ಕೂತು ಬಣ್ಣ ಹೊಡೆದ ಹುಡುಗರಿಗೆ ಸೇಫ್ಟಿ ಬೆಲ್ಟೂ ಇರಲಿಲ್ಲ, ಬೇರೆ ಲೈಫ್‌ಲೈನ್ ಹಗ್ಗವೂ ಇರಲಿಲ್ಲ. ಕಡಿಮೆ ರೇಟ್ ಎಲ್ಲಿಂದ ಬಂತು ಅಂತ ಕೇಳಿದರೆ ಒಂದು ಪಾಲು ಅಲ್ಲಿಂದ ಬಂದಿದೆ. ನಿಮ್ಮ ಗೇಟಿನೊಳಗೆ ಇದಕ್ಕೆ ಖಂಡಿತ ಒಪ್ಪಬೇಡಿ. ಅಲ್ಲದೆ, ಜೂಲಾದಲ್ಲಿ ಕೂತವರು ಒಂದು ಕೈಯಲ್ಲಿ ಹಗ್ಗ ಹಿಡಿದು ಕಾಂಕ್ರೀಟ್ ಒಡೆದು ಕಂಬಿ ಉಜ್ಜೋಕೆ ಆಗಲ್ಲ. ಆ ಕೆಲಸಕ್ಕೆ ಗಟ್ಟಿಯಾದ ಸಾರುವೆ ಬೇಕು, ಕೆಳಗೆ ಓಡಾಡುವ ಕಡೆ ನೆಟ್ ಬೇಕು.

ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಕಡ್ಡಾಯ. ನೀವು ಬೆಂಗಳೂರಿನಲ್ಲಿದ್ದರೂ, ಮೈಸೂರಲ್ಲಿದ್ದರೂ ಅಷ್ಟು ವರ್ಷ ಕಾಯಬೇಡಿ. ಮಳೆಗಾಲ ನಡೆಯುತ್ತಿರುವಾಗಲೇ ಎಂಜಿನಿಯರ್‌ಗೆ ತೋರಿಸಿ, ನೀರು ಎಲ್ಲಿಂದ ಬರುತ್ತಿದೆ ಅಂತ ಆಗಲೇ ಗೊತ್ತಾಗೋದು. ಬಾತ್‌ರೂಮ್, ಪೈಪ್, ಟೆರೇಸ್ ಸೋರಿಕೆ ಮೊದಲು ನಿಲ್ಲಿಸಿ. ಹೊರಗಿನ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ.

ಈಗಾಗಲೇ ಅಗ್ರಿಮೆಂಟ್ ಆಗಿಹೋಗಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಎರಡು ಷರತ್ತು ಸೇರಿಸಿ. ಸಾರುವೆ ಕಟ್ಟಿದ ಮೇಲೆ ತಟ್ಟಿ ನೋಡಿ, ಕಂಬಿ ರಿಪೇರಿಯನ್ನು ಕಾಂಟ್ರ್ಯಾಕ್ಟರ್ ಕಡೆಯವರು, ನಿಮ್ಮ ಕಡೆಯವರು ಇಬ್ಬರೂ ನಿಂತು ಅಳೆದು, ಮುಚ್ಚುವ ಮುಂಚೆ ಫೋಟೋ ತೆಗೆದು, ಚದರ ಅಡಿ ಲೆಕ್ಕದಲ್ಲಿ ಬೇರೆಯಾಗಿ ಬಿಲ್ ಮಾಡಬೇಕು ಅಂತ ಒಂದು. ಒಟ್ಟು ಮೊತ್ತದಲ್ಲಿ ಶೇಕಡಾ 10 ರಷ್ಟನ್ನು ಒಂದು ಮಳೆಗಾಲ ಕಳೆದ ಮೇಲೇ ಕೊಡೋದು ಅಂತ ಇನ್ನೊಂದು. ಇವಕ್ಕೆ ಒಪ್ಪದ ಕಾಂಟ್ರ್ಯಾಕ್ಟರ್ ಎಷ್ಟೇ ಕಡಿಮೆ ಹೇಳಲಿ, ಬಿಟ್ಟುಬಿಡಿ.